ಸೇವೆಯಲ್ಲಿರುವಾಗಲೇ ನೌಕರರು ಮೃತರಾದರೆ: ಕೊನೆಯ ಸಂಬಳ, ಉಳಿದ ರಜೆ ಮತ್ತು ವಾರಸುದಾರರ ಹಕ್ಕು

ನೌಕರರು ರಾಜೀನಾಮೆ ನೀಡಿದಾಗ ಅಥವಾ ನಿವೃತ್ತರಾದಾಗ ಅವರ ಲೆಕ್ಕ ತೀರಿಸುವ ಕ್ರಮವು ನಮ್ಮ ಸದಸ್ಯ ಸಂಸ್ಥೆಗಳಲ್ಲಿ ಬಹುಮಟ್ಟಿಗೆ ರೂಢಿಗೆ ಬಂದಿದೆ. ಲೆಕ್ಕ ತಪ್ಪಿದ್ದರೆ ಕೇಳುವುದಕ್ಕೆ ನೌಕರರೇ ಎದುರಿಗಿರುತ್ತಾರೆ. ಸೇವೆಯಲ್ಲಿರುವಾಗಲೇ ಮರಣ ಸಂಭವಿಸಿದರೆ ಈ ತಡೆ ಇಲ್ಲವಾಗುತ್ತದೆ. ಎಷ್ಟು ದಿನ ರಜೆ ಉಳಿದಿತ್ತು, ಯಾವ ತಿಂಗಳ ಹೆಚ್ಚುವರಿ ದುಡಿಮೆಯ ಹಣ ಬರಬೇಕಿತ್ತು, ನಾಮನಿರ್ದೇಶನದಲ್ಲಿ ಯಾರ ಹೆಸರಿತ್ತು ಎಂಬುದನ್ನು ಬಲ್ಲ ವ್ಯಕ್ತಿಯೇ ಇರುವುದಿಲ್ಲ. ಕಚೇರಿಗೆ ಬರುವ ಪತ್ನಿಗೋ ವೃದ್ಧ ತಂದೆಗೋ ಏನನ್ನು ಕೇಳಬೇಕೆಂಬುದೂ ತಿಳಿದಿರುವುದಿಲ್ಲ. ಆದ್ದರಿಂದ ಈ ಪ್ರಸಂಗದಲ್ಲಿ ಲೆಕ್ಕದ ಪ್ರಾಮಾಣಿಕತೆಯ ಹೊಣೆ ಪೂರ್ತಿಯಾಗಿ ಮಾಲೀಕರ ಮೇಲೆಯೇ ಬೀಳುತ್ತದೆ. ಮಾಲೀಕರಿಗೂ ಇದರಲ್ಲಿ ಅಪಾಯವಿದೆ: ಹಣವನ್ನು ತಪ್ಪು ಕೈಗೆ ಕೊಟ್ಟರೆ ಅದೇ ಹಣವನ್ನು ಇನ್ನೊಮ್ಮೆ ಕೊಡಬೇಕಾಗಬಹುದು.

ಬದಲಾದ ಕಾನೂನು

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಮಗೆ ಚಿರಪರಿಚಿತವಾಗಿದ್ದ 1936ರ ವೇತನ ಪಾವತಿ ಕಾಯ್ದೆ, 1948ರ ಕಾರ್ಖಾನೆ ಕಾಯ್ದೆ, 1972ರ ಉಪದಾನ ಪಾವತಿ ಕಾಯ್ದೆ ಇವುಗಳ ಸ್ಥಾನದಲ್ಲಿ ಈಗ 2019ರ ವೇತನ ಸಂಹಿತೆ, 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಹಾಗೂ 2020ರ ಸಾಮಾಜಿಕ ಭದ್ರತಾ ಸಂಹಿತೆ ನಿಂತಿವೆ. ಆದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ರಾಜ್ಯದ ಕಾಯ್ದೆ. ಈ ಸಂಹಿತೆಗಳು ಅದನ್ನು ರದ್ದುಪಡಿಸಿಲ್ಲ. ಮರಣದ ಸಂದರ್ಭದ ಮೂಲತತ್ತ್ವಗಳು ಹಳೆಯ ಕಾಯ್ದೆಗಳಲ್ಲಿ ಇದ್ದಂತೆಯೇ ಬಹುಪಾಲು ಮುಂದುವರಿದಿವೆ. ಮುಖ್ಯವಾಗಿ ಬದಲಾಗಿರುವುದು ‘ವೇತನ’ ಎಂಬ ಪದದ ವ್ಯಾಖ್ಯೆ. ಅದನ್ನು ಉಪದಾನದ ಭಾಗದಲ್ಲಿ ನೋಡೋಣ.

ಕೊನೆಯ ತಿಂಗಳ ಸಂಬಳ

ಮರಣದ ದಿನದವರೆಗಿನ ಸಂಬಳ, ಬಾಕಿಯಿರುವ ಹೆಚ್ಚುವರಿ ಅವಧಿಯ ದುಡಿಮೆಯ ಹಣ, ಒಪ್ಪಿಗೆಯಾಗಿ ಪಾವತಿಯಾಗದ ಪ್ರಯಾಣ ವೆಚ್ಚ, ಹಿಂದಿನ ದಿನಾಂಕದಿಂದ ಅನ್ವಯವಾಗುವ ವೇತನ ಪರಿಷ್ಕರಣೆಯ ಬಾಕಿ ಇವೆಲ್ಲ ಇಲ್ಲಿ ಸೇರುತ್ತವೆ. ರಾಜೀನಾಮೆ, ವಜಾ ಮುಂತಾದ ಸಂದರ್ಭಗಳಲ್ಲಿ ಎರಡು ಕೆಲಸದ ದಿನಗಳೊಳಗೆ ವೇತನ ಪಾವತಿಸಬೇಕೆಂದು ವೇತನ ಸಂಹಿತೆಯ 17ನೇ ಪ್ರಕರಣ ಹೇಳುತ್ತದೆ. ಆ ಪಟ್ಟಿಯಲ್ಲಿ ಮರಣದ ಹೆಸರಿಲ್ಲ. ಹಾಗೆಂದು ಗಡುವೇ ಇಲ್ಲವೆಂದು ಭಾವಿಸಬಾರದು. ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕೆಂಬ ಸಾಮಾನ್ಯ ನಿಯಮ ಇಲ್ಲಿಗೂ ಸಲ್ಲುತ್ತದೆ.

ಅನೇಕ ಕಚೇರಿಗಳಲ್ಲಿ ಸಂಬಳದ ತಂತ್ರಾಂಶವು ತಿಂಗಳ ಕೊನೆಯಲ್ಲಿ ತಾನಾಗಿಯೇ ಮೃತರ ಬ್ಯಾಂಕ್ ಖಾತೆಗೆ ಹಣ ಜಮಾ ಮಾಡಿಬಿಡುತ್ತದೆ. ಆ ಖಾತೆ ಒಬ್ಬರ ಹೆಸರಿನಲ್ಲೇ ಇದ್ದರೆ, ಬ್ಯಾಂಕಿಗೆ ಮರಣದ ವಿಷಯ ತಿಳಿದೊಡನೆ ವ್ಯವಹಾರ ನಿಂತು, ಕುಟುಂಬವು ಪ್ರತ್ಯೇಕ ಕ್ಲೇಮು ಸಲ್ಲಿಸಬೇಕಾಗುತ್ತದೆ. ಬ್ಯಾಂಕಿಗೆ ತಿಳಿಯದಿದ್ದರೆ ಎ.ಟಿ.ಎಂ. ಕಾರ್ಡು ಯಾರ ಕೈಯಲ್ಲಿದೆಯೋ ಅವರು ಹಣ ತೆಗೆಯುತ್ತಾರೆ. ಎರಡೂ ಒಳ್ಳೆಯದಲ್ಲ. ಮರಣದ ಸುದ್ದಿ ಬಂದ ದಿನವೇ ಆ ಹೆಸರಿನ ಮುಂದಿನ ಸ್ವಯಂ ಪಾವತಿಯನ್ನು ತಡೆಹಿಡಿಯುವಂತೆ ಲೆಕ್ಕಪತ್ರ ವಿಭಾಗಕ್ಕೆ ಬರಹದಲ್ಲಿ ತಿಳಿಸುವುದು ಮೊದಲ ಕೆಲಸ.

ಇದೇ ತಂತ್ರಾಂಶದ ಇನ್ನೊಂದು ಅವಾಂತರವನ್ನೂ ಹೇಳಬೇಕು. ಅಂತಿಮ ಲೆಕ್ಕದ ನಮೂನೆಯು ರಾಜೀನಾಮೆಗಾಗಿಯೇ ರಚಿತವಾಗಿರುವುದರಿಂದ, ‘ನೋಟಿಸ್ ಅವಧಿ ಪೂರೈಸಿಲ್ಲ’ ಎಂದು ಒಂದು ತಿಂಗಳ ಸಂಬಳವನ್ನು ಕಡಿತ ಮಾಡಿ ತೋರಿಸುವುದುಂಟು. ಸಾವಿಗೆ ನೋಟಿಸ್ ಕೊಡುವವರು ಯಾರು? ಅಚ್ಚಾಗಿ ಬಂದ ಹಾಳೆಯನ್ನು ಕಣ್ಣಾಡಿಸದೆ ಸಹಿ ಮಾಡಿ ಕಳುಹಿಸಿದರೆ ಆ ಮನೆಯವರ ಮನಸ್ಸಿಗೆ ಆಗುವ ನೋವನ್ನು ಆಮೇಲೆ ಯಾವ ಪತ್ರವೂ ಸರಿಪಡಿಸಲಾರದು.

ಉಳಿದ ರಜೆಯ ಹಣ

ರಜೆಯ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳು ವ್ಯಾಪಕವಾಗಿವೆ. ಒಂದು, ರಜೆ ಅನುಭವಿಸಬೇಕಾದವರೇ ಇಲ್ಲವಾದ ಮೇಲೆ ರಜೆಯೂ ಲಯವಾಯಿತೆಂಬುದು. ಇನ್ನೊಂದು, ಆ ವರ್ಷ ಕನಿಷ್ಠ ದಿನಗಳು ದುಡಿಯದಿದ್ದರೆ ಆ ವರ್ಷದ ರಜೆ ಸಲ್ಲದೆಂಬುದು. ಕಾರ್ಖಾನೆ ಕಾಯ್ದೆಯ 79ನೇ ಪ್ರಕರಣವು ಎರಡನ್ನೂ ಸ್ಪಷ್ಟವಾಗಿ ತಳ್ಳಿಹಾಕಿತ್ತು. ಈಗಿನ ವೃತ್ತಿ ಸುರಕ್ಷತಾ ಸಂಹಿತೆಯ 32ನೇ ಪ್ರಕರಣವೂ ಅದೇ ನಿಲುವನ್ನು ತಳೆದಿದೆ. ಪ್ರತಿ 20 ದಿನದ ದುಡಿಮೆಗೆ 1 ದಿನ ರಜೆ. ಅದನ್ನು ಪಡೆಯಲು ವರ್ಷದಲ್ಲಿ ದುಡಿದಿರಬೇಕಾದ ದಿನಗಳು ಹಿಂದೆ 240 ಇದ್ದದ್ದು ಈಗ 180 ಆಗಿದೆ. ಆದರೆ ಕೆಲಸಗಾರರು ಸೇವೆಯಲ್ಲಿರುವಾಗ ಮೃತರಾದರೆ, ಈ ಕನಿಷ್ಠ ದಿನಗಳು ಪೂರೈಸದಿದ್ದರೂ ಆವರೆಗೆ ಗಳಿಸಿದ ರಜೆಗೆ ಬದಲಾಗಿ ವೇತನವನ್ನು ವಾರಸುದಾರರಿಗೆ ಅಥವಾ ನಾಮನಿರ್ದೇಶಿತರಿಗೆ ಕೊಡಬೇಕು. ಗಡುವು, ಮರಣದ ದಿನದಿಂದ ಎರಡು ತಿಂಗಳು.

ಕಾಲ್ಪನಿಕ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರ ಲೇತ್ ಕೆಲಸಗಾರರು ಮಾರ್ಚ್ 12ರಂದು ಹೃದಯಾಘಾತದಿಂದ ತೀರಿಕೊಂಡರು. ಅವರ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,000 ರೂಪಾಯಿ, ಮನೆ ಬಾಡಿಗೆ ಮತ್ತು ಪ್ರಯಾಣ ಭತ್ಯೆ 6,000, ಒಟ್ಟು 24,000. ಹಿಂದಿನ ವರ್ಷದಿಂದ ಮುಂದಕ್ಕೆ ತಂದ ರಜೆ 18 ದಿನ. ಜನವರಿಯಿಂದ ಮರಣದ ದಿನದವರೆಗೆ ದುಡಿದದ್ದು 60 ದಿನ, ಅದಕ್ಕೆ 3 ದಿನ ರಜೆ. ನಡುವೆ 2 ದಿನ ಬಳಸಿದ್ದಾರೆ. ಉಳಿದದ್ದು 19 ದಿನ. ‘180 ದಿನ ಆಗಿಲ್ಲ’ ಎಂದು ಆ 3 ದಿನವನ್ನು ಕೈಬಿಡುವಂತಿಲ್ಲ.

ದಿನದ ದರವನ್ನು ಕಂಡುಹಿಡಿಯುವಾಗ 24,000ವನ್ನು 30ರಿಂದ ಭಾಗಿಸಬೇಕೋ 26ರಿಂದಲೋ ಎಂಬ ಪ್ರಶ್ನೆ ಏಳುತ್ತದೆ. ಕಾರ್ಖಾನೆ ಕಾಯ್ದೆಯ ಕಾಲದ ಕ್ರಮವೆಂದರೆ, ಹಿಂದಿನ ತಿಂಗಳಲ್ಲಿ ನಿಜವಾಗಿ ದುಡಿದ ದಿನಗಳ ಪೂರ್ಣಾವಧಿ ಗಳಿಕೆಯ ಸರಾಸರಿ. ಅದರಲ್ಲಿ ಹೆಚ್ಚುವರಿ ದುಡಿಮೆಯ ಹಣ ಮತ್ತು ಬೋನಸ್ ಸೇರುತ್ತಿರಲಿಲ್ಲ. ವಾರದ ರಜೆಗಳನ್ನು ಕಳೆದರೆ ಅದು ಸಾಮಾನ್ಯವಾಗಿ 26ರ ಆಸುಪಾಸಿಗೆ ಬರುತ್ತದೆ. 30ರಿಂದ ಭಾಗಿಸಿದರೆ 19 ದಿನಕ್ಕೆ 15,200 ರೂಪಾಯಿ; 26ರಿಂದ ಭಾಗಿಸಿದರೆ 17,538. ವ್ಯತ್ಯಾಸ 2,338 ರೂಪಾಯಿ. ಕಾರ್ಖಾನೆಯ ದೊಡ್ಡ ಲೆಕ್ಕದಲ್ಲಿ ಇದು ಏನೂ ಅಲ್ಲ. ತಿಥಿಯ ಖರ್ಚಿಗೆ ಸಾಲ ಮಾಡಿದ ಮನೆಗೆ ಅದು ಮೊತ್ತವೇ. ಹಳೆಯ ಸರಾಸರಿ ಕ್ರಮವನ್ನೇ ಉಳಿಸಿಕೊಳ್ಳುವುದು ನ್ಯಾಯವೂ ಹೌದು, ತಕರಾರಿಗೆ ಎಡೆಗೊಡದ ದಾರಿಯೂ ಹೌದು ಎಂಬುದು ನಮ್ಮ ಅಭಿಪ್ರಾಯ.

ಮೇಲಿನ ಸಂಹಿತೆಯ ರಜೆಯ ನಿಯಮ ‘ಕೆಲಸಗಾರ’ ವ್ಯಾಖ್ಯೆಯೊಳಗೆ ಬರುವವರಿಗೆ ಸಂಬಂಧಿಸಿದ್ದು. ವ್ಯವಸ್ಥಾಪಕ ಹುದ್ದೆಯಲ್ಲಿರುವವರಿಗೆ ಸಂಸ್ಥೆಯ ರಜಾ ನಿಯಮಾವಳಿ ಮತ್ತು ನೇಮಕ ಪತ್ರವೇ ಆಧಾರ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಲ್ಲಿಯೂ 20 ದಿನಕ್ಕೆ 1 ದಿನದ ಲೆಕ್ಕವೇ ಇದ್ದು, ಮುಂದಕ್ಕೆ ಕೊಂಡೊಯ್ಯಬಹುದಾದ ರಜೆಯ ಮಿತಿಯನ್ನು 2021ರಲ್ಲಿ 30ರಿಂದ 45 ದಿನಕ್ಕೆ ಏರಿಸಲಾಗಿದೆ. ತಮ್ಮ ರಜಾ ವಹಿಯಲ್ಲಿ ಇನ್ನೂ 30ಕ್ಕೇ ನಿಲ್ಲಿಸಿರುವ ಸದಸ್ಯರು ಇದನ್ನು ಗಮನಿಸಬೇಕು.

ಹಣ ಯಾರ ಕೈಗೆ?

ಇಡೀ ವಿಷಯದ ಕಠಿಣ ಭಾಗ ಇದು. ಲೆಕ್ಕ ಹಾಕುವುದು ಅರ್ಧ ದಿನದ ಕೆಲಸ. ಯಾರಿಗೆ ಕೊಡಬೇಕೆಂಬುದು ಕೆಲವೊಮ್ಮೆ ವರ್ಷಗಳ ವ್ಯಾಜ್ಯ.

ವೇತನ ಸಂಹಿತೆಯ 44ನೇ ಪ್ರಕರಣದಂತೆ, ಮೃತ ನೌಕರರಿಗೆ ಸಲ್ಲಬೇಕಾದ ಹಣವನ್ನು ಅವರು ನಾಮನಿರ್ದೇಶನ ಮಾಡಿದವರಿಗೆ ಕೊಡಬೇಕು. ನಾಮನಿರ್ದೇಶನವೇ ಇಲ್ಲದಿದ್ದರೆ ಅಥವಾ ಬೇರೆ ಕಾರಣದಿಂದ ನಾಮನಿರ್ದೇಶಿತರಿಗೆ ಕೊಡಲಾಗದಿದ್ದರೆ, ನಿಯಮಗಳಲ್ಲಿ ಗೊತ್ತುಪಡಿಸಿದ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ಹೀಗೆ ಕೊಟ್ಟರೆ ಅಥವಾ ಠೇವಣಿ ಇಟ್ಟರೆ ಮಾಲೀಕರ ಹೊಣೆ ತೀರಿತು. 1936ರ ಕಾಯ್ದೆಯಲ್ಲಿಯೂ ಇದೇ ರಕ್ಷಣೆಯಿತ್ತು, ಆದರೂ ಅದನ್ನು ಬಳಸಿಕೊಂಡವರು ಕಡಿಮೆ. ಹಿರಿಯ ಅಣ್ಣನೆಂದು ಹೇಳಿಕೊಂಡು ಬಂದವರಿಗೆ, ಅವರು ತಂದ ಪ್ರಮಾಣಪತ್ರವನ್ನು ನಂಬಿ, ರಸೀದಿ ಬರೆಸಿಕೊಂಡು ಹಣ ಕೊಡುವ ಪದ್ಧತಿ ಸಣ್ಣ ಸಂಸ್ಥೆಗಳಲ್ಲಿ ಈಗಲೂ ಇದೆ. ನಾಳೆ ಪತ್ನಿ ಬಂದು ಕೇಳಿದರೆ ಆ ರಸೀದಿ ಮಾಲೀಕರನ್ನು ಕಾಪಾಡುವುದಿಲ್ಲ.

ನಾಮನಿರ್ದೇಶಿತರೇ ಹಣದ ಒಡೆಯರೆಂದು ತಿಳಿಯುವುದೂ ಸರಿಯಲ್ಲ. ಜೀವವಿಮೆಗೆ ಸಂಬಂಧಿಸಿದ ಸರ್ಬತಿ ದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ, ನಾಮನಿರ್ದೇಶನವು ಹಣವನ್ನು ಸ್ವೀಕರಿಸುವ ಕೈಯನ್ನಷ್ಟೇ ತೋರಿಸುತ್ತದೆ, ಉತ್ತರಾಧಿಕಾರದ ಹಕ್ಕನ್ನು ಬದಲಿಸುವುದಿಲ್ಲ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಹಂಚಿಕೆಯ ಜಗಳ ಕುಟುಂಬದೊಳಗಿನದು. ಮಾಲೀಕರು ಅದರಲ್ಲಿ ನ್ಯಾಯಾಧೀಶರಾಗಬೇಕಿಲ್ಲ, ಆಗಲೂಬಾರದು. ಆದರೆ ಒಂದು ಸಂಗತಿ ತಿಳಿದಿರುವುದು ಒಳ್ಳೆಯದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೃತ ಪುರುಷನ ಪತ್ನಿ, ಮಕ್ಕಳು ಮತ್ತು ತಾಯಿ ಮೊದಲ ವರ್ಗದ ವಾರಸುದಾರರು. ತಂದೆ ಎರಡನೆಯ ವರ್ಗಕ್ಕೆ ಸೇರುತ್ತಾರೆ. ನಮ್ಮ ಕಡೆ ವ್ಯವಹಾರಕ್ಕೆ ಮುಂದೆ ಬರುವವರು ತಂದೆ, ಹಿಂದೆ ಮೌನವಾಗಿ ಕುಳಿತಿರುವವರು ತಾಯಿ. ಕಾನೂನಿನ ಲೆಕ್ಕದಲ್ಲಿ ಪಾಲು ಇರುವುದು ಆ ತಾಯಿಗೆ.

ಮದುವೆಗೆ ಮುಂಚೆ ಭರ್ತಿ ಮಾಡಿದ ನಮೂನೆ ಮತ್ತೊಂದು ತೊಡಕು. ಉಪದಾನ ಮತ್ತು ಭವಿಷ್ಯ ನಿಧಿಯ ನಿಯಮಗಳ ಪ್ರಕಾರ ಕುಟುಂಬವುಳ್ಳ ನೌಕರರು ಕುಟುಂಬದ ಸದಸ್ಯರನ್ನೇ ನಾಮನಿರ್ದೇಶಿಸಬೇಕು. ಕುಟುಂಬವಿಲ್ಲದಾಗ ಬೇರೆಯವರ ಹೆಸರಿನಲ್ಲಿ ಮಾಡಿದ್ದು, ಮುಂದೆ ಕುಟುಂಬ ಉಂಟಾದೊಡನೆ ಅಸಿಂಧುವಾಗುತ್ತದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗೆಳೆಯನ ಹೆಸರನ್ನೋ ಸೋದರಮಾವನ ಹೆಸರನ್ನೋ ಬರೆದ ಹಾಳೆ, ನಲವತ್ತನೆಯ ವಯಸ್ಸಿನಲ್ಲಿ ಕಡತದಿಂದ ಹೊರಬಂದರೆ ಅದಕ್ಕೆ ಬೆಲೆಯಿಲ್ಲ. ವರ್ಷಕ್ಕೊಮ್ಮೆ, ಬೋನಸ್ ಹಂಚುವ ಹೊತ್ತಿಗೆ, ಎಲ್ಲ ನೌಕರರಿಂದ ನಾಮನಿರ್ದೇಶನವನ್ನು ಮರುಪರಿಶೀಲಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡರೆ ಈ ಕಷ್ಟ ಬರುವುದಿಲ್ಲ.

ನಾಮನಿರ್ದೇಶನ ಇಲ್ಲದಿದ್ದಾಗ ನಾಡಕಚೇರಿಯ ಮೂಲಕ ಪಡೆಯುವ ವಂಶವೃಕ್ಷ ಕುಟುಂಬದವರು ಯಾರೆಂದು ತಿಳಿಯಲು ಸಹಾಯಕ. ತಕರಾರಿದ್ದರೆ ಅದು ಸಾಲದು; 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಸಿವಿಲ್ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾಗುತ್ತದೆ. ತಕರಾರೇ ಇಲ್ಲದ ಸಣ್ಣ ಮೊತ್ತಕ್ಕೂ ನ್ಯಾಯಾಲಯಕ್ಕೆ ಅಲೆಸುವುದು ಮಾತ್ರ ಕಾನೂನಿನ ಹೆಸರಿನಲ್ಲಿ ಮಾಡುವ ನಿರ್ದಯತೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂದು ಮನೆಯವರಿಗೆ ನೆನಪಿಸುವುದು ಸಂಸ್ಥೆಯಿಂದ ಆಗಬಹುದಾದ ನಿಜವಾದ ಉಪಕಾರ. ಮುಂದಿನ ಪ್ರತಿಯೊಂದು ಕಾಗದಕ್ಕೂ ಆ ಪ್ರಮಾಣಪತ್ರವೇ ಬೇಕು.

ಉಪದಾನ

ಐದು ವರ್ಷ ಪೂರೈಸದಿದ್ದರೆ ಗ್ರಾಚ್ಯುಟಿ ಇಲ್ಲ ಎಂಬ ಮಾತು ಮರಣಕ್ಕೆ ಅನ್ವಯಿಸುವುದಿಲ್ಲ. 1972ರ ಕಾಯ್ದೆಯಲ್ಲಿಯೂ ಹೀಗೆಯೇ ಇತ್ತು, ಸಾಮಾಜಿಕ ಭದ್ರತಾ ಸಂಹಿತೆಯ 53ನೇ ಪ್ರಕರಣದಲ್ಲಿಯೂ ಹೀಗೆಯೇ ಇದೆ. ಪ್ರತಿ ಪೂರ್ಣ ವರ್ಷಕ್ಕೆ ಮತ್ತು ಆರು ತಿಂಗಳಿಗೆ ಮೀರಿದ ಭಾಗಕ್ಕೆ 15 ದಿನದ ವೇತನ; ಮಾಸಿಕ ವೇತನವನ್ನು ಇಲ್ಲಿ 26ರಿಂದ ಭಾಗಿಸಬೇಕು. ಗರಿಷ್ಠ ಮಿತಿ 2018ರಲ್ಲಿ 20 ಲಕ್ಷ ರೂಪಾಯಿಗೆ ಏರಿತು. ನಮ್ಮ ಉದಾಹರಣೆಯ ಕೆಲಸಗಾರರ ಸೇವೆ 9 ವರ್ಷ 7 ತಿಂಗಳಾಗಿದ್ದರೆ 10 ವರ್ಷವೆಂದು ಎಣಿಸಿ, 18,000 ರೂಪಾಯಿ ವೇತನದ ಮೇಲೆ 1,03,846 ರೂಪಾಯಿ ಬರುತ್ತದೆ.

ವೇತನದ ಹೊಸ ವ್ಯಾಖ್ಯೆಯ ಪರಿಣಾಮ ಕಾಣುವುದು ಮೂಲ ವೇತನ ಕಡಿಮೆಯಿಟ್ಟು ಭತ್ಯೆ ಹೆಚ್ಚಿಸಿರುವ ಸಂಸ್ಥೆಗಳಲ್ಲಿ. ಲೆಕ್ಕಕ್ಕೆ ಹಿಡಿಯದ ಭತ್ಯೆಗಳ ಮೊತ್ತವು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗ ವೇತನಕ್ಕೆ ಸೇರುತ್ತದೆ. ಒಟ್ಟು 40,000ದಲ್ಲಿ ಮೂಲ ವೇತನ 14,000, ಭತ್ಯೆಗಳೆಲ್ಲ ಸೇರಿ 26,000 ಎಂದಿಟ್ಟುಕೊಳ್ಳಿ. ಅರ್ಧವನ್ನು ಮೀರಿದ 6,000 ಸೇರಿ ವೇತನ 20,000 ಆಗುತ್ತದೆ. ಹತ್ತು ವರ್ಷದ ಸೇವೆಗೆ ಹಿಂದಿನ ಲೆಕ್ಕದಲ್ಲಿ 80,769 ರೂಪಾಯಿ, ಈಗ 1,15,385.

ಉಪದಾನವನ್ನು ಅದು ಸಲ್ಲಬೇಕಾದ ದಿನದಿಂದ 30 ದಿನಗಳೊಳಗೆ ಕೊಡಬೇಕು, ತಡವಾದರೆ ಸರಳ ಬಡ್ಡಿ ಸೇರಿಸಬೇಕು. ಅರ್ಜಿ ಬರಲಿ ಬಾರದಿರಲಿ, ಮೊತ್ತವನ್ನು ನಿರ್ಧರಿಸಿ ಬರಹದಲ್ಲಿ ತಿಳಿಸುವುದು ಮಾಲೀಕರ ಕರ್ತವ್ಯ. ‘ಮನೆಯವರು ಕೇಳಲೇ ಇಲ್ಲ’ ಎಂಬುದು ಉತ್ತರವಲ್ಲ. ನಾಮನಿರ್ದೇಶಿತರು ಅಥವಾ ವಾರಸುದಾರರು ಅಪ್ರಾಪ್ತ ವಯಸ್ಕರಾಗಿದ್ದರೆ ಅವರ ಪಾಲನ್ನು ಪೋಷಕರ ಕೈಗೆ ಕೊಡದೆ ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು. ಅದು ಮಗು ಪ್ರಾಯಕ್ಕೆ ಬರುವವರೆಗೆ ಆ ಹಣವನ್ನು ಹೂಡಿಡುತ್ತದೆ. ಕರ್ನಾಟಕದಲ್ಲಿ ಕಡ್ಡಾಯ ಉಪದಾನ ವಿಮೆಯ ನಿಯಮಗಳು 2024ರ ಜನವರಿಯಲ್ಲಿ ಜಾರಿಗೆ ಬಂದವು. ಜೀವವಿಮಾ ನಿಗಮದ ಗುಂಪು ಯೋಜನೆಯಲ್ಲಿ ಜೀವರಕ್ಷೆಯ ಭಾಗವೂ ಸೇರಿದ್ದರೆ, ಉಳಿದಿದ್ದ ಸೇವಾವಧಿಯನ್ನೂ ಲೆಕ್ಕಕ್ಕೆ ಹಿಡಿದ ಹೆಚ್ಚಿನ ಮೊತ್ತ ದೊರೆಯುವುದುಂಟು. ಪಾಲಿಸಿಯ ಷರತ್ತನ್ನು ಓದದೆ ಕನಿಷ್ಠ ಉಪದಾನವನ್ನಷ್ಟೇ ಕೊಟ್ಟು ಕಡತ ಮುಚ್ಚಬಾರದು.

ಕಡಿತ ಮತ್ತು ರಸೀದಿ

ಮೃತರು ಮುಂಗಡ ಅಥವಾ ಸಾಲ ಪಡೆದಿದ್ದರೆ ಕೊನೆಯ ಸಂಬಳದಿಂದ ಕಾನೂನು ಅನುಮತಿಸುವಷ್ಟು ಕಳೆಯಬಹುದು. ಒಂದು ವೇತನಾವಧಿಯ ಒಟ್ಟು ಕಡಿತ ಆ ವೇತನದ ಶೇಕಡ 50ನ್ನು ಮೀರುವಂತಿಲ್ಲ. ಉಪದಾನಕ್ಕೂ ಭವಿಷ್ಯ ನಿಧಿಗೂ ಕೈಹಾಕುವಂತಿಲ್ಲ. ಭವಿಷ್ಯ ನಿಧಿಯ ಹಣವು ಮೃತರ ಯಾವ ಸಾಲದ ಹೊರೆಯೂ ಇಲ್ಲದೆ ನಾಮನಿರ್ದೇಶಿತರಿಗೆ ಸೇರುತ್ತದೆ. ಸಮವಸ್ತ್ರ, ಗುರುತಿನ ಚೀಟಿ, ಉಪಕರಣ ಹಿಂದಿರುಗಿಸುವವರೆಗೆ ಪಾವತಿ ತಡೆಯುವುದೂ ಸಲ್ಲದು. ‘ಇನ್ನಾವ ಬಾಕಿಯೂ ಇಲ್ಲ’ ಎಂದು ಛಾಪಾ ಕಾಗದದಲ್ಲಿ ಬರೆಸಿಕೊಂಡರೂ ಶಾಸನಬದ್ಧ ಹಕ್ಕು ಅದರಿಂದ ಅಳಿಯುವುದಿಲ್ಲ.

ಅಂತ್ಯಕ್ರಿಯೆಯ ದಿನ ಮಾಲೀಕರು ಕೈಯಿಂದ ಹತ್ತಿಪ್ಪತ್ತು ಸಾವಿರ ಕೊಡುವುದು ನಮ್ಮಲ್ಲಿ ಇರುವ ಒಳ್ಳೆಯ ನಡವಳಿಕೆ. ಅದು ಸಹಾಯವೋ ಮುಂಗಡವೋ ಎಂಬುದನ್ನು ಅಂದೇ ವೋಚರಿನಲ್ಲಿ ಬರೆದಿಡಬೇಕು. ಸಹಾಯವೆಂದು ಕೊಟ್ಟು ಆಮೇಲೆ ಲೆಕ್ಕದಲ್ಲಿ ಕಳೆದರೆ ಹೆಸರು ಕೆಡುತ್ತದೆ. ಹಾಗೆಯೇ ಉತ್ತರಕ್ರಿಯೆ ಮುಗಿಯುವ ಮುನ್ನವೇ ಸಹಿಗಾಗಿ ಗುಮಾಸ್ತರನ್ನು ಮನೆಗೆ ಅಟ್ಟುವ ಅಗತ್ಯವಿಲ್ಲ. ಗಡುವುಗಳು ಅಷ್ಟು ಕಾಲಾವಕಾಶವನ್ನು ಕೊಟ್ಟಿವೆ.

ಭವಿಷ್ಯ ನಿಧಿ, ಪಿಂಚಣಿ, ವಿಮೆ

ಕೊನೆಯ ದಿನಗಳ ಸಂಬಳದ ಮೇಲಿನ ವಂತಿಗೆ ಕಟ್ಟಬೇಕು. ರಜೆ ನಗದೀಕರಣದ ಮೇಲೆ ಕಟ್ಟಬೇಕಿಲ್ಲ. ಮಣಿಪಾಲದ ಉನ್ನತ ಶಿಕ್ಷಣ ಅಕಾಡೆಮಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಹೀಗೆ ತೀರ್ಪಿತ್ತಿದೆ. ಭವಿಷ್ಯ ನಿಧಿಯ ಜಾಲತಾಣದಲ್ಲಿ ಸೇವೆಯಿಂದ ನಿರ್ಗಮನದ ದಿನಾಂಕ ತುಂಬುವಾಗ ಕಾರಣವನ್ನು ‘ಸೇವೆಯಲ್ಲಿರುವಾಗ ಮರಣ’ ಎಂದೇ ಆರಿಸಬೇಕು. ಕಾರಣ ತಪ್ಪಾದರೆ ಪಿಂಚಣಿಯೂ ವಿಮೆಯೂ ಕುಂಟುತ್ತವೆ.

1976ರ ಠೇವಣಿ ಆಧಾರಿತ ವಿಮಾ ಯೋಜನೆಯ ಬಗ್ಗೆ ಕುಟುಂಬಗಳಿಗೆ ತಿಳಿದಿರುವುದು ಬಹಳ ಅಪರೂಪ, ಸಿಗುವ ಮೊತ್ತ ಮಾತ್ರ ಎಲ್ಲಕ್ಕಿಂತ ದೊಡ್ಡದು. ಕಡೆಯ 12 ತಿಂಗಳ ಸರಾಸರಿ ವೇತನದ 35 ಪಟ್ಟು, ಜೊತೆಗೆ ಖಾತೆಯ ಸರಾಸರಿ ಶಿಲ್ಕಿನ ಅರ್ಧ. ವೇತನವನ್ನು 15,000ಕ್ಕೆ, ಶಿಲ್ಕಿನ ಭಾಗವನ್ನು 1,75,000ಕ್ಕೆ ಮಿತಿಗೊಳಿಸಿರುವುದರಿಂದ ಗರಿಷ್ಠ 7 ಲಕ್ಷ ರೂಪಾಯಿ. 12 ತಿಂಗಳು ಸತತ ಸೇವೆಯಿದ್ದವರಿಗೆ ಕನಿಷ್ಠ 2.5 ಲಕ್ಷ. ನಮ್ಮ ಲೇತ್ ಕೆಲಸಗಾರರ ಮನೆಗೆ ಮೊದಲ ಭಾಗವೊಂದರಿಂದಲೇ 5,25,000 ರೂಪಾಯಿ ಬರುತ್ತದೆ. ಸಾವು ಕೆಲಸದ ಸ್ಥಳದಲ್ಲೇ ಆಗಿರಬೇಕೆಂದಿಲ್ಲ. ಇನ್ನು 1995ರ ಪಿಂಚಣಿ ಯೋಜನೆಯಲ್ಲಿ ಒಂದೇ ತಿಂಗಳ ವಂತಿಗೆಯಿದ್ದರೂ ವಿಧವಾ ಪಿಂಚಣಿಗೆ ಅರ್ಹತೆಯುಂಟು. ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ, ತಾಯಿಯ ಪಿಂಚಣಿಯ ಕಾಲು ಭಾಗದಂತೆ, ಪ್ರತ್ಯೇಕ ಮೊತ್ತ ಸಲ್ಲುತ್ತದೆ. ಅರ್ಜಿಗೆ ಮಾಲೀಕರ ದೃಢೀಕರಣ ಬೇಕಾದಲ್ಲಿ ಅದನ್ನು ಮೇಜಿನ ಮೇಲೆ ಇಟ್ಟುಕೊಳ್ಳಬಾರದು.

ರಾಜ್ಯ ವಿಮಾ ಯೋಜನೆಗೆ ಒಳಪಟ್ಟವರಿಗೆ 15,000 ರೂಪಾಯಿವರೆಗೆ ಅಂತ್ಯಕ್ರಿಯೆಯ ವೆಚ್ಚ ದೊರೆಯುತ್ತದೆ. ಸಾವು ಕೆಲಸದ ಗಾಯದಿಂದಾಗಿದ್ದರೆ ಅವಲಂಬಿತರಿಗೆ ಮಾಸಿಕ ಸೌಲಭ್ಯವೂ ಉಂಟು. ಆ ಯೋಜನೆಗೆ ಒಳಪಡದವರು ಕೆಲಸದ ಅಪಘಾತದಲ್ಲಿ ತೀರಿಕೊಂಡರೆ ನಷ್ಟ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲಿಯೇ ಠೇವಣಿ ಇಡಬೇಕು. ನೇರವಾಗಿ ಮನೆಯವರಿಗೆ ಕೊಟ್ಟ ಹಣ ಪರಿಹಾರವೆಂದು ಪರಿಗಣಿತವಾಗುವುದಿಲ್ಲ.

ತೆರಿಗೆ ಮತ್ತು ಬೋನಸ್

ಮರಣದ ದಿನದವರೆಗಿನ ಸಂಬಳ ಮೃತರ ಆದಾಯವೇ. ತೆರಿಗೆ ಕಡಿತದ ಪ್ರಮಾಣಪತ್ರವನ್ನು ಅವರ ಪ್ಯಾನ್ ಸಂಖ್ಯೆಯಲ್ಲಿಯೇ ಕೊಡಬೇಕು. ವಾರಸುದಾರರು ಪ್ರತಿನಿಧಿಯಾಗಿ ನೋಂದಾಯಿಸಿಕೊಂಡು ವಿವರಪಟ್ಟಿ ಸಲ್ಲಿಸುತ್ತಾರೆ. ಮೃತರ ಖಾತೆಯಲ್ಲಿದ್ದ ಗಳಿಕೆ ರಜೆಗಾಗಿ ವಾರಸುದಾರರಿಗೆ ಕೊಟ್ಟ ಹಣವು ಸಂಬಳವೆಂದು ತೆರಿಗೆಗೆ ಒಳಪಡುವುದಿಲ್ಲವೆಂದು ನೇರ ತೆರಿಗೆಗಳ ಕೇಂದ್ರ ಮಂಡಳಿ 1965ರಷ್ಟು ಹಿಂದೆಯೇ ಸ್ಪಷ್ಟಪಡಿಸಿತ್ತು. ಆದರೂ ರಾಜೀನಾಮೆ ನೀಡಿದವರ ಲೆಕ್ಕದಂತೆ ಇದರಲ್ಲಿ ತೆರಿಗೆ ಮುರಿದುಕೊಳ್ಳುವ ಕಚೇರಿಗಳಿವೆ. 1961ರ ಆದಾಯ ತೆರಿಗೆ ಕಾಯ್ದೆಯ ಬದಲಿಗೆ 2025ರ ಕಾಯ್ದೆ ಜಾರಿಯಾಗುವ ದಿನಾಂಕ 2026ರ ಏಪ್ರಿಲ್ 1 ಆಗಿರುವುದರಿಂದ, ಆ ನಂತರದ ಪಾವತಿಗಳಿಗೆ ಪ್ರಕರಣ ಸಂಖ್ಯೆ ಮತ್ತು ನಮೂನೆಗಳನ್ನು ಲೆಕ್ಕ ಪರಿಶೋಧಕರೊಡನೆ ಸರಿನೋಡಿಕೊಳ್ಳಬೇಕು.

ಬೋನಸ್ ಎಲ್ಲರೂ ಮರೆಯುವ ಬಾಬು. ವೇತನ ಮಿತಿಯೊಳಗಿದ್ದು ಆ ಲೆಕ್ಕದ ವರ್ಷದಲ್ಲಿ ಕನಿಷ್ಠ 30 ದಿನ ದುಡಿದಿದ್ದರೆ ಮೃತರಿಗೂ ದುಡಿದ ಅವಧಿಯ ಬೋನಸ್ ಸಲ್ಲಬೇಕು. ಅದು ಪಾವತಿಯಾಗುವುದು ವರ್ಷ ಮುಗಿದ ಎಂಟು ತಿಂಗಳೊಳಗೆ. ಅಷ್ಟರಲ್ಲಿ ಆ ಹೆಸರು ಹಾಜರಿ ಪುಸ್ತಕದಿಂದ ಹೋಗಿರುತ್ತದೆ. ಆದ್ದರಿಂದ ಅಂತಿಮ ಲೆಕ್ಕದ ಹಾಳೆಯಲ್ಲಿಯೇ ‘ಬೋನಸ್ ಬಾಕಿ’ ಎಂದು ಬರೆದು, ನಾಮನಿರ್ದೇಶಿತರ ವಿಳಾಸ ಹಾಗೂ ಬ್ಯಾಂಕ್ ಖಾತೆಯ ವಿವರವನ್ನು ಅದರೊಂದಿಗೆ ಲಗತ್ತಿಸಿ, ಮುಂದಿನ ಬೋನಸ್ ಪಟ್ಟಿ ತಯಾರಿಸುವವರ ಕಡತಕ್ಕೆ ಒಂದು ಪ್ರತಿಯನ್ನು ಸೇರಿಸಿಡಬೇಕು.